ಸಿಂಕ್ ಆಗದಿದ್ದರೆ ರೀಸೆಟ್ ಮಾಡುವ ಆತುರ ಬೇಡ

ಮಾನ್ಯ ಸಂಪಾದಕರೇ,

ಮಣಿಕಟ್ಟಿನ ಬ್ಯಾಂಡ್ 6,240 ಹೆಜ್ಜೆ ಎನ್ನುತ್ತಿದೆ, ಫೋನಿನ ಆ್ಯಪ್‌ನಲ್ಲಿ ನಿನ್ನೆಯ ಲೆಕ್ಕವೇ ನಿಂತಿದೆ. ಪರದೆಯನ್ನು ಬೆರಳಿನಿಂದ ಕೆಳಕ್ಕೆಳೆದರೆ ಚಕ್ರವೊಂದು ಸುತ್ತುತ್ತದೆ, ಸುತ್ತಿ ಸುಮ್ಮನಾಗುತ್ತದೆ. ಫಿಟ್‌ನೆಸ್ ಬ್ಯಾಂಡ್ ಕಟ್ಟುವವರಿಗೆಲ್ಲ ಇದು ಗೊತ್ತಿರುವ ಪಾಡು. ಆಗ ಹೆಚ್ಚಿನವರು ಬ್ಯಾಂಡನ್ನು ಆ್ಯಪ್‌ನಿಂದ ತೆಗೆದುಹಾಕಿ, ಫ್ಯಾಕ್ಟರಿ ರೀಸೆಟ್ ಮಾಡಿ, ಹೊಸದಾಗಿ ಜೋಡಿಸುತ್ತಾರೆ. ಸಿಂಕ್, ಅಂದರೆ ಬ್ಯಾಂಡಿನ ದಾಖಲೆ ಆ್ಯಪ್‌ಗೆ ಬಂದು ಸೇರುವುದು, ಸರಿಹೋಗಲೂಬಹುದು. ಆದರೆ ಫೋನಿಗೆ ಇನ್ನೂ ಬಾರದಿದ್ದ ಹೆಜ್ಜೆ, ನಿದ್ದೆ, ಹೃದಯಬಡಿತದ ದಾಖಲೆ ಅಲ್ಲಿಗೆ ಅಳಿಸಿಹೋಗುತ್ತದೆ. ವೈದ್ಯರಿಗೆ ತೋರಿಸಲೆಂದು ನಾಡಿಬಡಿತ ದಾಖಲಿಸಿಕೊಳ್ಳುತ್ತಿರುವವರಿಗೆ ಇದು ಸಣ್ಣ ನಷ್ಟವಲ್ಲ.

ಮೊದಲು ತಿಳಿಯಬೇಕಾದದ್ದು, ಆ ದಾಖಲೆ ಹುಟ್ಟುವುದೂ ಉಳಿಯುವುದೂ ಬ್ಯಾಂಡಿನಲ್ಲೇ. ಕೈಯ ಅಲುಗಾಟವನ್ನು ಅಕ್ಸೆಲೆರೋಮೀಟರ್ ಎಂಬ ಚಲನೆಯ ಸೆನ್ಸರ್ ಗ್ರಹಿಸುತ್ತದೆ. ಚರ್ಮದ ಮೇಲೆ ಬೀಳುವ ಹಸಿರು ಬೆಳಕು ಎಷ್ಟು ಮರಳಿ ಬರುತ್ತದೆ ಎಂಬುದರ ಏರಿಳಿತದಿಂದ ನಾಡಿಬಡಿತ ಗೊತ್ತಾಗುತ್ತದೆ. ಎರಡೂ ಬ್ಯಾಂಡಿನ ಸ್ವಂತ ಮೆಮೊರಿಗೆ ಸೇರುತ್ತವೆ. ಫೋನ್ ಮನೆಯಲ್ಲೇ ಉಳಿದರೂ ಲೆಕ್ಕ ತಪ್ಪುವುದಿಲ್ಲ. ಎಷ್ಟು ದಿನದ ದಾಖಲೆ ಉಳಿಯುತ್ತದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಫಿಟ್‌ಬಿಟ್ ಬ್ಯಾಂಡ್‌ಗಳು ಸಾಮಾನ್ಯವಾಗಿ ನಿಮಿಷ ನಿಮಿಷದ ವಿವರವನ್ನು 7 ದಿನ, ದಿನದ ಒಟ್ಟು ಮೊತ್ತವನ್ನು 30 ದಿನ ಇಟ್ಟುಕೊಳ್ಳುತ್ತವೆ. ಹಾಗಾಗಿ ಒಂದೆರಡು ದಿನ ಸಿಂಕ್ ಆಗಲಿಲ್ಲವೆಂದರೆ ಗಾಬರಿಪಡುವಂಥದ್ದೇನಿಲ್ಲ. ಕಾರಣ ಹುಡುಕಲು ಸಮಯವಿದೆ.

ಸಿಂಕ್ ಎನ್ನುವುದು ಎರಡು ಹಂತದ ಪಯಣ. ಬ್ಯಾಂಡಿನಿಂದ ಫೋನಿಗೆ ಬ್ಲೂಟೂತ್ ಮೂಲಕ, ಫೋನಿನಿಂದ ಕಂಪನಿಯ ಸರ್ವರ್‌ಗೆ ಇಂಟರ್ನೆಟ್ ಮೂಲಕ. ಕೆಟ್ಟಿರುವುದು ಯಾವ ಹಂತ ಎಂದು ನೋಡದೆ ಮಾಡುವ ರಿಪೇರಿ ಕತ್ತಲಲ್ಲಿ ತಡಕಾಡಿದಂತೆ. ಆ್ಯಪ್‌ನಲ್ಲಿ ಬ್ಯಾಂಡ್ ಕನೆಕ್ಟ್ ಆಗಿದೆ ಎಂದು ತೋರಿಸುತ್ತಿದ್ದು, ಇಂದಿನ ಹೆಜ್ಜೆ ಫೋನಿನಲ್ಲಿ ಕಾಣಿಸುತ್ತಿದ್ದು, ಅದೇ ಖಾತೆಯಿಂದ ಬೇರೆ ಸಾಧನದಲ್ಲಿ ನೋಡಿದಾಗ ಮಾತ್ರ ಕಾಣದಿದ್ದರೆ ತೊಂದರೆ ಎರಡನೇ ಹಂತದ್ದು. ಇಂಟರ್ನೆಟ್ ಅಥವಾ ಲಾಗಿನ್ ನೋಡಿದರೆ ಸಾಕು, ಬ್ಯಾಂಡನ್ನು ಮುಟ್ಟುವುದೇ ಬೇಡ. ಕೆಲವು ಆ್ಯಪ್‌ಗಳು ಇಂಟರ್ನೆಟ್ ಇಲ್ಲದೆ ಮೊದಲ ಹಂತವನ್ನೂ ಶುರುಮಾಡುವುದಿಲ್ಲ, ಅದು ನೆನಪಿರಲಿ.

ಹೆಚ್ಚಿನ ತಕರಾರು ಮೊದಲ ಹಂತದಲ್ಲೇ. ಬ್ಯಾಂಡ್‌ಗಳು ಬಳಸುವುದು 2010ರಲ್ಲಿ ಬ್ಲೂಟೂತ್ 4.0 ಜೊತೆ ಬಂದ, ಕಡಿಮೆ ಬ್ಯಾಟರಿ ಬಳಸುವ ಲೋ ಎನರ್ಜಿ ವಿಧಾನ. ಸಂಪರ್ಕವಿಲ್ಲದಾಗ ಬ್ಯಾಂಡ್ ಆಗಾಗ ‘ನಾನಿಲ್ಲಿದ್ದೇನೆ’ ಎಂಬ ಪುಟ್ಟ ಸಂಕೇತ ಹೊರಡಿಸುತ್ತದೆ. ಅದನ್ನು ಕೇಳಿಸಿಕೊಂಡ ಆ್ಯಪ್ ಸಂಪರ್ಕ ಬೆಳೆಸುತ್ತದೆ. ಒಂದು ಫೋನಿಗೆ ಸೇರಿದ ಮೇಲೆ ಬಹಳಷ್ಟು ಬ್ಯಾಂಡ್‌ಗಳು ಆ ಸಂಕೇತವನ್ನೇ ನಿಲ್ಲಿಸುತ್ತವೆ. ಡ್ರಾಯರಿನಲ್ಲಿ ಬಿದ್ದಿರುವ ಹಳೆಯ ಫೋನಿನ ಬ್ಲೂಟೂತ್ ಆನ್ ಆಗಿದ್ದರೆ ಹೊಸ ಫೋನಿಗೆ ಬ್ಯಾಂಡ್ ಕಾಣದಿರುವುದು ಇದಕ್ಕೇ. ಆ್ಯಪ್ ಬಿಟ್ಟು ಫೋನಿನ ಬ್ಲೂಟೂತ್ ಪಟ್ಟಿಯಿಂದಲೇ ನೇರವಾಗಿ ಜೋಡಿಸಿದಾಗಲೂ ಇದೇ ಗೋಜಲು. ಜೋಡಣೆ ಯಾವಾಗಲೂ ಆ್ಯಪ್ ಒಳಗಿನಿಂದಲೇ ಆಗಬೇಕು.

ಆಂಡ್ರಾಯ್ಡ್‌ನಲ್ಲಿ ಅನುಮತಿಗಳನ್ನೂ ನೋಡಬೇಕು. 6ರಿಂದ 11ರವರೆಗಿನ ಆವೃತ್ತಿಗಳಲ್ಲಿ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಅನುಮತಿ ಬೇಕಿತ್ತು. 12ರಿಂದ ಹತ್ತಿರದ ಸಾಧನಗಳು ಎಂಬ ಪ್ರತ್ಯೇಕ ಅನುಮತಿ ಬಂದಿದೆ. ಫೋನ್ ಅಪ್‌ಡೇಟ್ ಆದ ಮೇಲೆ ಸಿಂಕ್ ನಿಂತಿದ್ದರೆ ಮೊದಲು ನೋಡಬೇಕಾದ ಜಾಗ ಇದು. ಆ್ಯಪ್ ತೆರೆದಾಗ ಸರಿಯಾಗಿ ಬಂದು, ತೆರೆಯದಿದ್ದರೆ ಬರುವುದಿಲ್ಲ ಎಂದಾದರೆ ತಪ್ಪು ಬ್ಯಾಟರಿ ಉಳಿಸುವ ವ್ಯವಸ್ಥೆಯದು: ಫೋನ್ ಆ ಆ್ಯಪನ್ನು ಹಿನ್ನೆಲೆಯಲ್ಲಿ ಓಡಲು ಬಿಡುತ್ತಿಲ್ಲ. ಆ್ಯಪ್‌ನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ನಿರ್ಬಂಧ ತೆಗೆಯಬೇಕು. ಐಫೋನ್‌ನಲ್ಲಿ ಆ್ಯಪನ್ನು ಮೇಲಕ್ಕೆ ತಳ್ಳಿ ಮುಚ್ಚುವ ಅಭ್ಯಾಸವೇ ಹಿನ್ನೆಲೆ ಸಿಂಕ್ ನಿಲ್ಲಲು ಕಾರಣ.

ಇಷ್ಟಾದರೂ ಬಗೆಹರಿಯದಿದ್ದರೆ ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿ, ಆಮೇಲೆ ಫೋನ್ ರೀಸ್ಟಾರ್ಟ್, ಆಮೇಲೆ ಬ್ಯಾಂಡ್ ರೀಸ್ಟಾರ್ಟ್. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಸಾಮಾನ್ಯವಾಗಿ ಮೊದಲನೆಯದು ದಾಖಲೆಯನ್ನು ಉಳಿಸುತ್ತದೆ, ಎರಡನೆಯದು ಒರೆಸಿಹಾಕುತ್ತದೆ. ಮೆನುವಿನಲ್ಲಿ ಒಂದರ ಕೆಳಗೊಂದು ಇರುವ ಈ ಎರಡು ಪದಗಳನ್ನು ಅವಸರದಲ್ಲಿ ಅದಲುಬದಲು ಮಾಡಿಕೊಳ್ಳುವುದು ಬಹಳ ಸುಲಭ. ಹಲವು ದಿನದ ದಾಖಲೆ ಒಟ್ಟಿಗೆ ಬರುವಾಗ ಕೆಲವು ನಿಮಿಷ ಹಿಡಿಯುವುದೂ ಸಹಜ. ಚಕ್ರ ಸುತ್ತುತ್ತಿರುವಾಗ ಆ್ಯಪ್ ಮುಚ್ಚದೆ, ಫೋನನ್ನು ಬ್ಯಾಂಡಿನ ಪಕ್ಕದಲ್ಲೇ ಇಟ್ಟು ಕಾಯಬೇಕು.

ಬಳಕೆದಾರರಿಗೆ ಇಷ್ಟು ಹೇಳಿದ ಮೇಲೆ ಆ್ಯಪ್ ತಯಾರಿಸುವವರಿಗೂ ಒಂದು ಮಾತು. ‘ಸಿಂಕ್ ವಿಫಲವಾಗಿದೆ’ ಎಂಬ ಒಂದೇ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಬ್ಯಾಂಡ್ ಸಿಗಲಿಲ್ಲವೋ, ಅನುಮತಿ ಇಲ್ಲವೋ, ಸರ್ವರ್ ಉತ್ತರಿಸಲಿಲ್ಲವೋ ಎಂಬುದು ಆ್ಯಪ್‌ಗೆ ಗೊತ್ತಿರುತ್ತದೆ. ಅದನ್ನು ಕನ್ನಡದಲ್ಲಿ, ಜನರಿಗೆ ಅರ್ಥವಾಗುವಂತೆ ಬರೆಯಲಿ. ಬ್ಯಾಂಡನ್ನು ತೆಗೆದುಹಾಕುವ ಗುಂಡಿಯ ಮೇಲೆಯೇ, ಕೊನೆಯ ಸಿಂಕ್ ಆದದ್ದು ಯಾವ ದಿನ, ಎಷ್ಟು ಗಂಟೆಗೆ, ಆಮೇಲಿನ ದಾಖಲೆ ಈಗ ಅಳಿಯಲಿದೆ ಎಂದು ದಪ್ಪ ಅಕ್ಷರದಲ್ಲಿ ತೋರಿಸಲಿ.

ಇತಿ,
ಓದುಗರೊಬ್ಬರು