ರಸ್ತೆ ಕೆಟ್ಟರೆ ಚಿತ್ರಾನ್ನದ ತಪ್ಪೇನು?

ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ನಗರ ಪುಟದಲ್ಲಿ ನಮ್ಮ ಏರಿಯಾದ ರಸ್ತೆ ಬಗ್ಗೆ ಸುದ್ದಿ ಬಂದಿತ್ತು. ಡಾಂಬರು ಹಾಕಿ ತಿಂಗಳು ತುಂಬುವ ಮೊದಲೇ ಪೈಪಿಗಾಗಿ ಅಗೆದದ್ದು, ಅಗೆದ ಗುಂಡಿಯಲ್ಲಿ ಮಳೆನೀರು ನಿಂತದ್ದು, ಎಲ್ಲವನ್ನೂ ಸರಿಯಾಗಿಯೇ ಬರೆದಿದ್ದೀರಿ. ಫೋಟೊದಲ್ಲಿ ಗುಂಡಿ ತಪ್ಪಿಸಲು ಹೋಗಿ ಫುಟ್‌ಪಾತ್ ಹತ್ತಿರುವ ಆಟೊ ಇದೆಯಲ್ಲ, ಅದು ನನ್ನದೇ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ತಲೆಬರಹದ ಬಗ್ಗೆ. 'ರಸ್ತೆ ಕಾಮಗಾರಿ ಚಿತ್ರಾನ್ನ' ಅಂತ ದಪ್ಪಕ್ಷರದಲ್ಲಿ ಹಾಕಿದ್ದೀರಿ.

ನೀವೊಬ್ಬರೇ ಅಲ್ಲ ಬಿಡಿ. ಎಲ್ಲರೂ ಹೀಗೇ ಮಾತಾಡುತ್ತಾರೆ. ಪರೀಕ್ಷೆ ಕೆಟ್ಟರೆ ಚಿತ್ರಾನ್ನ, ಮದುವೆ ಮಾತುಕತೆ ಮುರಿದರೆ ಚಿತ್ರಾನ್ನ, ಮೊಬೈಲ್ ರಿಪೇರಿಗೆ ಕೊಟ್ಟರೆ 'ಚಿತ್ರಾನ್ನ ಮಾಡಿ ಕೊಟ್ಟ ಸಾರ್'. ನಾನೂ ಎಷ್ಟೋ ಸಲ ಅಂದಿದ್ದೇನೆ. ಆದರೆ ಈಗ ಐದಾರು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಎದ್ದು ನಾನೇ ಚಿತ್ರಾನ್ನ ಮಾಡುತ್ತಿದ್ದೇನೆ. ಈಗ ಆ ಮಾತು ಕೇಳಿದರೆ ನನಗೇ ಯಾರೋ ಬೈದ ಹಾಗಾಗುತ್ತದೆ.

ನಮ್ಮದು ಪೀಣ್ಯದ ಹತ್ತಿರ ಎರಡು ರೂಮಿನ ಮನೆ. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎಂಟು ಗಂಟೆಗೆ ಅವಳ ವ್ಯಾನು ಬರುತ್ತದೆ. ಮಗಳಿಗೆ ಕಾಲೇಜು, ಮಗನಿಗೆ ಸ್ಕೂಲು. 2020ರ ಲಾಕ್‌ಡೌನ್‌ನಲ್ಲಿ ಆಟೊ ಮನೆ ಮುಂದೆ ಸುಮ್ನೆ ನಿಂತಿತ್ತು. ಆಗ ಕಲಿತ ಅಡುಗೆ ಇದು. ಆಮೇಲೆ ಅವಳ ಫ್ಯಾಕ್ಟರಿ ತೆಗೆಯಿತು, ನನ್ನ ಆಟೊವೂ ಓಡಿತು, ಆದರೆ ಬೆಳಗಿನ ಒಲೆ ನನ್ನ ಪಾಲಿಗೇ ಉಳಿಯಿತು. ವಾರಕ್ಕೆ ಮೂರು ದಿನವಾದರೂ ಚಿತ್ರಾನ್ನವೇ. ಮೂರು ಡಬ್ಬಿ, ಜೊತೆಗೆ ಮನೆಯವರಿಗೆಲ್ಲ ತಿಂಡಿ.

ಡಬ್ಬಿ ತೆಗೆಯುವುದು ಮಧ್ಯಾಹ್ನ ಒಂದು ಗಂಟೆಗೆ. ಊಟಕ್ಕೆ ಅರ್ಧ ಗಂಟೆ ಬಿಡುತ್ತಾರೆ. ಬಿಸಿ ಮಾಡಿಕೊಳ್ಳಲು ಒಲೆ ಇಲ್ಲ. ಅಂದರೆ ನಾನು ಮಾಡುವುದು ಐದಾರು ಗಂಟೆ ಕಳೆದ ಮೇಲೆ ತಣ್ಣಗೆ ತಿನ್ನುವ ಅನ್ನ. ಸಾರು ಅನ್ನ ಆರಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಉಪ್ಪಿಟ್ಟು ಆರಿದರೆ ಗೋಡೆಗೆ ಮೆತ್ತಬಹುದು. ಚಿತ್ರಾನ್ನ ಮಾತ್ರ ಆರಿದ ಮೇಲೇ ರುಚಿ. ಉಪ್ಪು, ಹುಳಿ, ಖಾರ ಅನ್ನಕ್ಕೆ ಹಿಡಿಯಲು ಅಷ್ಟು ಹೊತ್ತು ಬೇಕು. ಒಲೆ ಪಕ್ಕ ನಿಂತು ರುಚಿ ನೋಡಿದಾಗ ಹುಳಿ ಒಂಚೂರು ಜಾಸ್ತಿ ಅನ್ನಿಸಿದರೆ ಮಧ್ಯಾಹ್ನಕ್ಕೆ ಸರಿ ಇರುತ್ತದೆ. ಇದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ಮೊದಲ ಸಲ ಮಾಡಿದ್ದು ಹೇಗಿತ್ತು ಅಂತಲೂ ಹೇಳಿಬಿಡುತ್ತೇನೆ. ಒಗ್ಗರಣೆ ಇನ್ನೂ ಒಲೆ ಮೇಲೆ ಚುರುಗುಡುತ್ತಿತ್ತು. ಅದಕ್ಕೇ ನಿಂಬೆಹಣ್ಣು ಹಿಂಡಿದೆ. ಬೀಜವನ್ನೂ ತೆಗೆಯಲಿಲ್ಲ. ಅದರ ಮೇಲೆ ಬಿಸಿ ಅನ್ನ ಸುರಿದು ಸೌಟಿನಲ್ಲಿ ಗರಗರ ತಿರುವಿದೆ. ಸಂಜೆ ಡಬ್ಬಿ ಅರ್ಧ ತುಂಬಿದ್ದು ಹಾಗೇ ವಾಪಸ್ ಬಂತು. ಅವಳು ಏನೂ ಹೇಳಲಿಲ್ಲ. ನಾನೇ ಕೇಳಿದೆ, ಕಹಿ ಇತ್ತಾ ಅಂತ. "ಕಷಾಯ ಕುಡಿದ ಹಾಗಿತ್ತು, ಪರವಾಗಿಲ್ಲ, ನೆಗಡಿ ಬಿಟ್ಟಿತು" ಅಂದಳು.

ಆವತ್ತಿನಿಂದ ನಿಂಬೆರಸ ಒಲೆ ಆರಿಸಿದ ಮೇಲೇ. ಅದೂ ಅನ್ನ ಕಲಸಿದ ಮೇಲೆ, ಕೊನೆಗೆ. ಕಾದ ಬಾಣಲೆಗೆ ಬಿದ್ದರೆ ಘಮ ಹೋಗಿ ಕಹಿ ಉಳಿಯುತ್ತದೆ. ಸಿಪ್ಪೆ ಜೋರಾಗಿ ಹಿಂಡಿದರೂ ಅಷ್ಟೇ.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ದಯವಿಟ್ಟು ಇದನ್ನು ಕತ್ತರಿಸಬೇಡಿ, ನನ್ನ ವಾದವೆಲ್ಲ ಇರುವುದು ಇದರಲ್ಲೇ. ಎರಡು ಲೋಟ ಸೋನಾ ಮಸೂರಿ ತೊಳೆದು ಕಾಲು ಗಂಟೆ ನೆನೆ ಹಾಕುತ್ತೇನೆ. ನೀರು ನಾಲ್ಕು ಲೋಟಕ್ಕೆ ಸ್ವಲ್ಪ ಕಡಿಮೆ. ಎರಡು ವಿಷಲ್. ಕುಕ್ಕರ್ ತಾನಾಗಿ ಇಳಿಯುವವರೆಗೆ ಮುಟ್ಟುವುದಿಲ್ಲ. ಆಮೇಲೆ ಅನ್ನವನ್ನು ದೊಡ್ಡ ತಟ್ಟೆಗೆ ಹರವಿ, ಮೇಲೆ ಒಂದು ಚಮಚ ಎಣ್ಣೆ, ಉಪ್ಪು ಹಾಕಿ ಫ್ಯಾನಿನ ಕೆಳಗೆ ಇಡುತ್ತೇನೆ. ಹತ್ತು ನಿಮಿಷಕ್ಕೆ ಅಗುಳು ಅಗುಳು ಬಿಡಿಯಾಗುತ್ತದೆ. ಬಿಸಿ ಅನ್ನ ಕಲಸಿದರೆ ಮುದ್ದೆ. ರಾತ್ರಿ ಉಳಿದ ಅನ್ನ ಇನ್ನೂ ಸಲೀಸು, ಅದು ತಾನೇ ಬಿಡಿಯಾಗಿರುತ್ತದೆ. ಆದರೆ ಅದನ್ನು ರಾತ್ರಿಯೇ ಫ್ರಿಜ್ಜಿನಲ್ಲಿ ಇಟ್ಟಿರಬೇಕು. ಹೊರಗೆ ಬಿಟ್ಟ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಕೊಟ್ಟರೆ ಕೆಟ್ಟದ್ದು ಒಳ್ಳೆಯದಾಗುವುದಿಲ್ಲ. ವಾಸನೆ ಮುಚ್ಚುತ್ತದೆ ಅಷ್ಟೇ, ಹೊಟ್ಟೆ ಕೆಡುವುದು ತಪ್ಪದು.

ಎಣ್ಣೆ ಕಡಲೆಕಾಯಿಯದ್ದೇ ಆಗಬೇಕು. ಇದು ನನ್ನ ಹಟ. ನಮ್ಮೂರು ಚಳ್ಳಕೆರೆ ಕಡೆ. ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲು ಅಂತ ಹೆಸರಾಗಿದ್ದ ಕಾಲದಲ್ಲಿ ನಮ್ಮಪ್ಪ ಅಲ್ಲಿ ಹಮಾಲಿ. ಸಂಜೆ ಮನೆಗೆ ಬಂದಾಗ ಅವರ ಅಂಗಿಯೇ ಕಡಲೆಕಾಯಿ ಎಣ್ಣೆ ವಾಸನೆ. ಮುಂಗಾರಿಗೆ ಬಿತ್ತಿ, ದೀಪಾವಳಿ ಆಸುಪಾಸಿಗೆ ಗಿಡ ಕಿತ್ತು, ಕಾಯಿ ಬಿಡಿಸುವ ಕೂಲಿಗೆ ನಾವು ಮಕ್ಕಳೂ ಹೋಗುತ್ತಿದ್ದೆವು. ಹಾಗಾಗಿ ಬೀಜದ ವಿಷಯದಲ್ಲಿ ನಾನು ಸ್ವಲ್ಪ ಜಂಬದವನು ಅಂತಲೇ ತಿಳಿದುಕೊಳ್ಳಿ.

ಬೀಜ ಮೊದಲು. ಎಣ್ಣೆ ಸಣ್ಣಗೆ ಕಾದಾಗಲೇ ಒಂದು ಹಿಡಿ ಹಾಕಿ, ಉರಿ ಸಣ್ಣಗಿಟ್ಟು ಕೈಯಾಡಿಸುತ್ತಿರಬೇಕು. ಮೊದಲು ಸದ್ದೇ ಇರುವುದಿಲ್ಲ. ಆಮೇಲೆ ಒಂದೊಂದೇ ಚಟ್ ಅನ್ನುತ್ತದೆ, ಸಿಪ್ಪೆ ಬಿರಿದು ಒಳಗಿನ ಬಿಳಿ ಕಾಣುತ್ತದೆ. ಆ ಬಿಳಿ ಚೂರು ಕಂದು ತಿರುಗುವಷ್ಟರಲ್ಲಿ ಜಾಲರಿ ಸೌಟಿನಲ್ಲಿ ತೆಗೆದುಬಿಡಬೇಕು. ಇನ್ನೂ ಆಗಿಲ್ಲ ಅನ್ನಿಸುತ್ತದೆ. ಆದರೂ ತೆಗೆಯಬೇಕು. ಎಣ್ಣೆಯಿಂದ ಹೊರಗೆ ಬಂದ ಮೇಲೂ ಬೀಜ ತನ್ನ ಬಿಸಿಗೆ ತಾನೇ ಹುರಿಯುತ್ತಿರುತ್ತದೆ. ಬಾಣಲೆಯಲ್ಲೇ ಪೂರ್ತಿ ಕೆಂಪಾಗಲಿ ಅಂತ ಕಾದರೆ ತಟ್ಟೆಗೆ ಬರುವಷ್ಟರಲ್ಲಿ ಕರಕಲು. ಮೊದಲೆಲ್ಲ ಹುರಿದ ಬೀಜವನ್ನು ನಿಮ್ಮ ಪತ್ರಿಕೆ ಮೇಲೇ ಹರವುತ್ತಿದ್ದೆ. ಶಾಯಿ ಹೊಟ್ಟೆಗೆ ಹೋಗುತ್ತದೆ ಅಂತ ಮಗಳು ಬೈದಳು. ಈಗ ಸ್ಟೀಲ್ ತಟ್ಟೆ.

ಅದೇ ಎಣ್ಣೆಗೆ ಸಾಸಿವೆ. ಅದು ಪೂರ್ತಿ ಸಿಡಿದು ಮುಗಿಯಬೇಕು, ಅರ್ಧಕ್ಕೆ ಆತುರ ಪಟ್ಟರೆ ಬಾಯಿಗೆ ಕಹಿ ಸಿಗುತ್ತದೆ. ಆಮೇಲೆ ಕಡಲೆಬೇಳೆ. ಅದು ಬಣ್ಣ ತಿರುಗುವ ಹೊತ್ತಿಗೆ ಉದ್ದಿನಬೇಳೆ. ಎರಡನ್ನೂ ಒಟ್ಟಿಗೆ ಹಾಕಿದರೆ ಉದ್ದು ಸುಟ್ಟಿರುತ್ತದೆ, ಕಡಲೆಬೇಳೆ ಹಲ್ಲು ಮುರಿಯುತ್ತದೆ. ಚಿಟಿಕೆ ಇಂಗು, ಸೀಳಿದ ಹಸಿಮೆಣಸಿನಕಾಯಿ ಆರು, ಕರಿಬೇವು ಎರಡು ಎಸಳು. ಕರಿಬೇವು ಒದ್ದೆ ಇದ್ದರೆ ಮುಖ ಹಿಂದಕ್ಕೆ. ಕೊನೆಗೆ ಕಾಲು ಚಮಚ ಅರಿಶಿನ. ಹತ್ತು ಎಣಿಸುವಷ್ಟು ಹೊತ್ತು ಸಾಕು. ಕಡಿಮೆಯಾದರೆ ಹಸಿ ವಾಸನೆ, ಜಾಸ್ತಿಯಾದರೆ ಕಹಿ. ಎಣ್ಣೆಗೆ ಹಾಕದೆ ಅನ್ನದ ಮೇಲೇ ಉದುರಿಸಿದರೆ ಅಲ್ಲಲ್ಲಿ ಹಳದಿ, ಅಲ್ಲಲ್ಲಿ ಬಿಳಿ. ಒಲೆ ಆರಿಸಿ, ಅನ್ನ ಹಾಕಿ, ಸೌಟಿನ ಹಿಡಿಯಲ್ಲಿ ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸಬೇಕು. ಆಮೇಲೆ ನಿಂಬೆರಸ, ಕೊತ್ತಂಬರಿ ಸೊಪ್ಪು, ಕೊನೆಗೆ ಬೀಜ.

ಇದರಲ್ಲಿ ಯಾವ ಎರಡು ಹೆಜ್ಜೆಯನ್ನು ಹಿಂದೆ ಮುಂದೆ ಮಾಡಿದರೂ ಕೆಡುತ್ತದೆ. ನಮ್ಮ ರಸ್ತೆಯವರು ಮಾಡಿದ್ದೇನು? ಮೊದಲು ಡಾಂಬರು, ಆಮೇಲೆ ಪೈಪು. ನನ್ನ ಲೆಕ್ಕದಲ್ಲಿ ಅದು ಅನ್ನ ಕಲಸಿದ ಮೇಲೆ ಸಾಸಿವೆ ಹಾಕಿದ ಹಾಗೆ. ಅವರು ನಿಜಕ್ಕೂ ಚಿತ್ರಾನ್ನ ಮಾಡಿದ್ದರೆ ನನ್ನ ಆಟೊದ ಶಾಕ್‌ಅಬ್ಸಾರ್ಬರ್ ಉಳಿಯುತ್ತಿತ್ತು.

ಹೆಸರು ನೋಡಿ. ಚಿತ್ರ ಅಂದರೆ ಬಗೆಬಗೆ ಬಣ್ಣದ್ದು. ಹಳದಿ ಅನ್ನದಲ್ಲಿ ಸಾಸಿವೆ ಕಪ್ಪಗೆ, ಮೆಣಸಿನಕಾಯಿ ಹಸಿರಾಗಿ, ಬೀಜ ಕೆಂಪಗೆ ಕಾಣುತ್ತದೆ. ಎಷ್ಟು ಕಲಸಿದರೂ ಒಂದರಲ್ಲಿ ಒಂದು ಕರಗುವುದಿಲ್ಲ. ಎಲ್ಲ ಸೇರಿ ಯಾವುದು ಯಾವುದೋ ಗೊತ್ತಾಗದ ಹಾಗಾದರೆ ಅದಕ್ಕೆ ಕನ್ನಡದಲ್ಲಿ ಕಲಸುಮೇಲೋಗರ ಅಂತ ಒಳ್ಳೆಯ ಪದ ಇದೆ. ತಲೆಬರಹಕ್ಕೆ ಉದ್ದ ಆಯಿತು ಅಂದರೆ ಕಿಚಡಿ ಅನ್ನಿ. ಕಿಚಡಿ ಮಾಡುವವರು ಯಾರಾದರೂ ಕಾಗದ ಬರೆದರೆ ಅದು ನಿಮಗೂ ಅವರಿಗೂ ಬಿಟ್ಟಿದ್ದು.

ಚಿತ್ರಾನ್ನ ಬಡವರ ತಿಂಡಿ, ಸುಲಭದ ತಿಂಡಿ, ಅದಕ್ಕೇ ಹೀಗೆ ಸದರ ಅಂತ ನನ್ನ ಅನುಮಾನ. ಬಿರಿಯಾನಿ ಆಗೋಯ್ತು ಅಂತ ಯಾರೂ ಬೈಯುವುದಿಲ್ಲ, ಅಲ್ವಾ? ಹಬ್ಬದ ದಿನ ಎಲೆ ತುದಿಗೆ ಒಂದು ಹಿಡಿ ಬಡಿಸುವುದು ಇದನ್ನೇ. ಯುಗಾದಿಗೆ ಮಾವಿನಕಾಯಿ ಚಿತ್ರಾನ್ನ ಇಲ್ಲದ ಮನೆ ನಮ್ಮ ಕಡೆ ಕಡಿಮೆ. ಬೆಂಗಳೂರಲ್ಲಿ ಬೆಳಿಗ್ಗೆ ತಳ್ಳುಗಾಡಿ ಮುಂದೆ ನಿಂತು ತಿನ್ನುವುದೂ ಇದನ್ನೇ. 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ಐದು ರೂಪಾಯಿ ತಿಂಡಿಯ ಪಟ್ಟಿಯಲ್ಲೂ ಇದು ಇತ್ತು. ದೇವರ ನೈವೇದ್ಯಕ್ಕೂ ಆಗುತ್ತದೆ, ಈರುಳ್ಳಿ ಬಿಟ್ಟರೆ ಸರಿ.

ಈರುಳ್ಳಿ ಅಂದ ಮೇಲೆ ನೆನಪಾಯಿತು. ಮನೆಯಲ್ಲಿ ತಿನ್ನುವುದಕ್ಕೆ ನಾನು ಈರುಳ್ಳಿ ಹಾಕುತ್ತೇನೆ. ಡಬ್ಬಿಗೆ ಹಾಕುವುದಿಲ್ಲ. ಒಂದು ಮೇ ತಿಂಗಳಲ್ಲಿ ಈರುಳ್ಳಿ, ತೆಂಗಿನತುರಿ ಎರಡೂ ಹಾಕಿ, ಬಿಸಿಬಿಸಿ ಇರುವಾಗಲೇ ಮುಚ್ಚಳ ಬಿಗಿದು ಕಳಿಸಿದೆ. ಒಳಗೆ ಬೆವರಿ ಮಧ್ಯಾಹ್ನಕ್ಕೆ ಹಳಸಿತ್ತು. ಆವತ್ತು ಅವಳಿಗೆ ಪಕ್ಕದ ಮಷಿನ್ನಿನಾಕೆ ತನ್ನ ಮುದ್ದೆಯಲ್ಲಿ ಅರ್ಧ ಕೊಟ್ಟಳಂತೆ. ಈಗ ಪೂರ್ತಿ ಆರಿದ ಮೇಲೇ ಮುಚ್ಚಳ. ಬೇಸಿಗೆಯಲ್ಲಿ ಕಾಯಿತುರಿ ಇಲ್ಲ. ಬೀಜವನ್ನೂ ಬೇರೆ ಪೊಟ್ಟಣ ಕಟ್ಟಿ ಕೊಡುತ್ತೇನೆ, ಇಲ್ಲವಾದರೆ ಒಂದು ಗಂಟೆಗೆ ಮೆತ್ತಗಾಗಿರುತ್ತದೆ. ಆದರೆ ಆ ಪೊಟ್ಟಣ ಊಟದವರೆಗೆ ಉಳಿಯುವುದಿಲ್ಲ ಅಂತ ಸುದ್ದಿ. ವ್ಯಾನಿನಲ್ಲೇ ಕೈಯಿಂದ ಕೈಗೆ ಹೋಗಿ ಖಾಲಿಯಾಗುತ್ತದಂತೆ.

ಖರ್ಚೂ ಒಂದು ಮಾತು. 2022ರ ಏಪ್ರಿಲ್‌ನಲ್ಲಿ ನಿಂಬೆಹಣ್ಣು ಒಂದಕ್ಕೆ ಹತ್ತು ರೂಪಾಯಿ ಆಗಿತ್ತು, ನಿಮ್ಮ ಪತ್ರಿಕೆಯಲ್ಲೂ ಬಂದಿತ್ತು. ಎರಡು ಲೋಟ ಅಕ್ಕಿಗೆ ಎರಡು ಹಣ್ಣು ಬೇಕು. ವಾರಕ್ಕೆ ಮೂರು ದಿನ. ಲೆಕ್ಕ ಹಾಕಿ ಮಾವಿನಕಾಯಿಗೆ ಇಳಿದೆ. ಅದನ್ನು ತುರಿದು ಒಗ್ಗರಣೆಯಲ್ಲೇ ಎರಡು ನಿಮಿಷ ಬಾಡಿಸಬಹುದು, ನಿಂಬೆಯ ಹಾಗೆ ಮುನಿಸಿಕೊಳ್ಳುವುದಿಲ್ಲ. ನಮ್ಮಮ್ಮ ಅದಕ್ಕೆ ಒಣಮೆಣಸಿನಕಾಯಿ, ಸಾಸಿವೆ, ಕಾಯಿ ರುಬ್ಬಿ ಹಾಕುತ್ತಿದ್ದರು. ಆ ಸಾಸಿವೆ ಘಾಟು ಮೂಗಿಗೆ ಏರಿದರೆ ಯುಗಾದಿ ಬಂತು ಅಂತ ಅರ್ಥ. ಬೆಳಗಿನ ಗಡಿಬಿಡಿಯಲ್ಲಿ ನನಗೆ ರುಬ್ಬಲು ಪುರುಸೊತ್ತಿಲ್ಲ.

ಇನ್ನೊಂದು ವಿಚಿತ್ರ ಹೇಳಿ ಮುಗಿಸುತ್ತೇನೆ. ಒಂದು ಸಲ ಚಿತ್ರಾನ್ನ ಅವಳ ಕೆಲಸದ ಏಪ್ರನ್ ಮೇಲೆ ಬಿತ್ತು. ಹಳದಿ ಕಲೆ. ರಾತ್ರಿ ನಾನು ಸೋಪು ಉಜ್ಜಿದೆ ನೋಡಿ, ಕಲೆ ರಕ್ತದ ಹಾಗೆ ಕೆಂಪಾಗಿಬಿಟ್ಟಿತು. ಬಟ್ಟೆ ಹಾಳಾಯಿತು ಅಂತ ಗಾಬರಿಯಾಯಿತು. ಅರಿಶಿನಕ್ಕೆ ಸೋಪು ತಾಗಿದರೆ ಹಾಗೇ ಆಗುವುದು, ಹಣೆಯ ಕುಂಕುಮವನ್ನೂ ಅರಿಶಿನಕ್ಕೆ ಸುಣ್ಣ ಬೆರೆಸಿಯೇ ಮಾಡುತ್ತಿದ್ದದ್ದು ಅಂತ ಅಮ್ಮ ಫೋನಿನಲ್ಲಿ ನಕ್ಕರು. ಚೆನ್ನಾಗಿ ಜಾಲಿಸಿ ಎರಡು ದಿನ ಬಿಸಿಲಿಗೆ ಹಾಕಿದೆವು, ಕಲೆ ಹೋಯಿತು.

ರಸ್ತೆ ಗುಂಡಿ ಮಾತ್ರ ಇನ್ನೂ ಹಾಗೇ ಇದೆ. ಅದರ ಬಗ್ಗೆ ಮತ್ತೆ ಬರೆಯುವುದಾದರೆ ಫೋಟೊ ತೆಗೆಯುವವರನ್ನು ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಕಳಿಸಿ. ವ್ಯಾನು ಬರುವುದು ಆ ಗುಂಡಿ ಸುತ್ತಿಕೊಂಡೇ. ನಾನು ಡಬ್ಬಿ ಹಿಡಿದು ಅಲ್ಲೇ ನಿಂತಿರುತ್ತೇನೆ. ಅವರಿಗೂ ಒಂದು ತಟ್ಟೆ ಇಟ್ಟಿರುತ್ತೇನೆ, ಈರುಳ್ಳಿ ಹಾಕಿದ್ದು.

ಇಂತಿ,
ಒಬ್ಬ ಆಟೊ ಚಾಲಕ
ಪೀಣ್ಯ, ಬೆಂಗಳೂರು