ಎರಡನೇ ಸಂಪುಟ ಬರೆಯುತ್ತಿರುವ ಪುಟ್ಟಿಗೆ

ಸರಸ್ವತೀಪುರಂ, ಮೈಸೂರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಅಪ್ಪನ ಮಂಡಿನೋವು, ಮಂಡ್ಯದ ಮನೆ ಬಾಡಿಗೆ ವಿಚಾರ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದನ್ನು ಮತ್ತೆ ಎತ್ತುವುದಿಲ್ಲ. ಕಾಗದದ ಕೊನೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, “ಬರೆಯೋಕೆ ಕೂತರೆ ಪಾತ್ರಗಳ ದನಿ ಕೇಳಿಸ್ತಿಲ್ಲ ದೊಡ್ಡಮ್ಮ, ಓದುಗರ ದನಿ ಮಾತ್ರ ಕೇಳಿಸ್ತಿದೆ” ಅಂತ, ಅದೊಂದು ಮಾತು ನನ್ನನ್ನು ನೆಮ್ಮದಿಯಾಗಿ ಕೂರಲು ಬಿಡುತ್ತಿಲ್ಲ. ಉಳಿದ ಪುಟಗಳಲ್ಲಿ ನಿನ್ನ ಮಾಯಾಲೋಕದ ಕಾದಂಬರಿಯ ಮೊದಲ ಸಂಪುಟಕ್ಕೆ ಸಿಕ್ಕ ಸನ್ಮಾನ, ಸಂವಾದ, ಧಾರವಾಡದ ಜನ, ಸೆಲ್ಫಿ ಎಲ್ಲ ಸಂತೋಷದ ಸುದ್ದಿಯೇ. ಆದರೆ ಆ ಅಂಚಿನ ಸಾಲು ಓದಿದ ಮೇಲೆ ಆ ಸಂತೋಷವೂ ಬೇರೆ ಥರ ಕಾಣಿಸಿತು.

ಬರವಣಿಗೆ ಬತ್ತಿಹೋಗಿದೆ ಅಂತ ನೀನು ತಿಳಿದಿದ್ದರೆ ಅದು ಹಾಗಲ್ಲ ಕಣೇ. ನೀನು ಕಳಿಸಿದ ಎರಡನೇ ಸಂಪುಟದ ಮೊದಲ ಅಧ್ಯಾಯ ಓದಿದೆ. ಭಾಷೆ ಚೆನ್ನಾಗಿದೆ, ನದಿ ದಾಟುವ ಭಾಗ ಮೊದಲ ಸಂಪುಟದಲ್ಲಿ ಬರೆದದ್ದಕ್ಕಿಂತ ಗಟ್ಟಿ. ಆದರೆ ಒಂದು ಕಡೆ, ಕೋಟೆ ಬಾಗಿಲಲ್ಲಿ ನಿಂತ ದೊರೆಸಾನಿ “ದೀಪದ ಮಂತ್ರವನ್ನು ಹಗಲಲ್ಲಿ ಬಳಸುವಂತಿಲ್ಲ, ಅದಕ್ಕೇ ಅಂದು ಅಂಬಿಗನನ್ನು ಉಳಿಸಲಾಗಲಿಲ್ಲ” ಅಂತ ತನ್ನೊಳಗೇ ಯೋಚಿಸುತ್ತಾಳೆ. ಆ ಮಾತು ಯಾರಿಗೆ? ಅವಳಿಗೆ ಆ ನಿಯಮ ಹುಟ್ಟಿದಾಗಿಂದ ಗೊತ್ತು. ಆಗ ಎದುರಿಗೆ ಕಾವಲುಗಾರ ನಿಂತಿದ್ದಾನೆ, ಅವಳ ಕಣ್ಣು ಅವನ ಕೈಯಲ್ಲಿರುವ ಬೀಗದ ಕೈ ಮೇಲೆ ಇರಬೇಕು. ಯಾವುದೋ ಸಭೆಯಲ್ಲಿ ಯಾರೋ ಎದ್ದುನಿಂತು “ಮಂತ್ರ ಇತ್ತಲ್ಲ ಮೇಡಂ, ಅಂಬಿಗನನ್ನು ಯಾಕೆ ಉಳಿಸಲಿಲ್ಲ?” ಅಂತ ಕೇಳಿದ್ದಾರೆ, ನೀನು ಅವರಿಗೆ ಇಲ್ಲಿ ಉತ್ತರ ಕೊಟ್ಟಿದ್ದೀಯ. ಅಂಥ ವಾಕ್ಯಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋಗು. ಆ ಕ್ಷಣದಲ್ಲಿ ಪಾತ್ರಕ್ಕೆ ಬೇಕಿಲ್ಲದ ವಿವರಣೆ, ಆರೋಪಕ್ಕೆ ಸಮಜಾಯಿಷಿ, ಮೆಚ್ಚುಗೆ ಪಡೆದ ಹಳೇ ಮಾತಿನ ಮರುಕಳಿಕೆ, ಈ ಮೂರೂ ಓದುಗರ ದನಿಯೇ. ಅವನ್ನು ತೆಗೆದು ಓದಿ ನೋಡು, ದೃಶ್ಯ ತಾನಾಗಿ ನಿಂತರೆ ಅವು ಬೇಕಿರಲಿಲ್ಲ ಅಂತ ಅರ್ಥ.

ಮೊದಲ ಸಂಪುಟದಲ್ಲಿ ಸತ್ತ ಅಂಬಿಗನನ್ನು ಬದುಕಿಸಿ ಅಂತ ಎಲ್ಲ ಕಡೆ ಕೇಳುತ್ತಾರೆ ಅಂದೆಯಲ್ಲ. ಗಮಕ ಕೇಳಲು ಬಂದು ಕೂತವರು ಕರ್ಣಪರ್ವ ಬಂದಾಗಲೆಲ್ಲ ಕರ್ಣ ಉಳಿದುಬಿಡಲಿ ಅಂದುಕೊಳ್ಳುತ್ತಾರೆ. ಮುಂದಿನ ವರ್ಷ ಅದೇ ಪರ್ವ ಕೇಳಲು ಮತ್ತೆ ಬರುತ್ತಾರೆ. ಕೇಳುವವರಿಗೆ ದುಃಖವಾಗಬೇಕು ಅಂತಲೇ ಕವಿ ಬರೆದಿರುವಾಗ, ದುಃಖವಾಯಿತು ಅಂತ ಅವರು ಹೇಳಿದರೆ ಅದು ದೂರಲ್ಲ. ಆರ್ಥರ್ ಕಾನನ್ ಡಾಯ್ಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು 1893ರಲ್ಲಿ ಜಲಪಾತಕ್ಕೆ ಬೀಳಿಸಿ ಕತೆ ಮುಗಿಸಿದ. ಓದುಗರು ಸುಮ್ಮನಿರಲಿಲ್ಲ. ಆದರೂ ಅವನು ಹೋಮ್ಸ್ ಬದುಕಿದ್ದಾನೆ ಅಂತ ಬರೆದು ವಾಪಸು ಕರೆತಂದದ್ದು 1903ರಲ್ಲಿ. ಹತ್ತು ವರ್ಷ ಬಿಟ್ಟು ಹೊಸ ಕತೆಯಾಗಿ ಮಾಡುವುದು ಬೇರೆ, ಬರೆಯುತ್ತಿರುವ ಪುಸ್ತಕದ ನಡುವೆ ಯಾರಿಗೋ ಹೆದರಿ ಸತ್ತವನನ್ನು ಎಬ್ಬಿಸುವುದು ಬೇರೆ. ಅಂಬಿಗ ಸತ್ತಿದ್ದಾನೆ. ಅವನು ಸತ್ತದ್ದರಿಂದಲೇ ನಿನ್ನ ಎರಡನೇ ಸಂಪುಟದಲ್ಲಿ ದೋಣಿ ನಡೆಸಲು ಬಾರದ ಹುಡುಗ ಹುಟ್ಟು ಹಿಡಿಯಬೇಕಾಗಿ ಬಂದಿದೆ.

ನಾನು ಕರಡು ತಿದ್ದುತ್ತಿದ್ದ ಕಾಲದಲ್ಲಿ ಕಾದಂಬರಿಗಳು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದವು. ಬರೆಯುವವರು ಮುಂದಿನ ಕಂತು ಮುಗಿಸುವ ಮೊದಲೇ ಹಿಂದಿನ ಕಂತಿಗೆ ಓದುಗರ ಕಾಗದ ಬಂದು ಬೀಳುತ್ತಿತ್ತು. ಕೆಲವರು ಆ ಕಟ್ಟನ್ನು ಬಿಚ್ಚದೆ, ಕೊನೆಯ ಕಂತು ಕಳಿಸಿದ ಮೇಲೆ ಓದುತ್ತಿದ್ದರು. ಬಿಚ್ಚಿ ಓದಿದವರ ಕತೆ ನಡುವಿನಿಂದ ಬೇರೆಯವರ ಕತೆಯಾಗಿಬಿಡುತ್ತಿದ್ದುದು ಕರಡು ಓದುವವಳಿಗೆ ಎಲ್ಲರಿಗಿಂತ ಮೊದಲು ಕಾಣುತ್ತಿತ್ತು. ಅಕ್ಷರದ ತಪ್ಪು ಗುರುತು ಮಾಡುವುದಷ್ಟೇ ನನ್ನ ಪಾಲಿನ ಕೆಲಸ, ಕತೆ ದಾರಿ ತಪ್ಪುತ್ತಿದೆ ಅನ್ನುವ ಸಲಿಗೆ ನನ್ನ ಸ್ಥಾನಕ್ಕಿರಲಿಲ್ಲ. ಒಳ್ಳೆಯ ಲೇಖಕರೊಬ್ಬರು ಹಾಗೆ ಬರೆದು, ಮುಂದೆ ಬರೆಯುವುದನ್ನೇ ಬಿಟ್ಟರು. ಆ ಸಂಕಟ ಇನ್ನೂ ಹಾಗೇ ಇದೆ. ನಿನ್ನ ಅಂಚಿನ ಸಾಲು ಅದನ್ನೇ ಕೆದಕಿತೇನೋ.

ಅದಕ್ಕೇ ಕೆಲವು ಹೇಳುತ್ತೇನೆ, ಒಗ್ಗದಿದ್ದರೆ ಬಿಡು. ಈಗಿನ ನಿಮ್ಮ ಓಡಾಟದ ಲೆಕ್ಕ ನನಗೆ ಪೂರ್ತಿ ತಿಳಿಯುವುದಿಲ್ಲ.

ಒಂದು ಗಂಟೆಯ ಕಾರ್ಯಕ್ರಮ ಅಂದರೆ ಒಂದು ಗಂಟೆಯಲ್ಲ. ರಾತ್ರಿ ರೈಲಿಗೆ ಧಾರವಾಡಕ್ಕೆ ಹೋಗಿ ಬಂದರೆ ಹೋಗುವ ದಿನ, ಕಾರ್ಯಕ್ರಮದ ದಿನ, ಬಂದು ಸುಧಾರಿಸಿಕೊಳ್ಳುವ ದಿನ, ಮೂರು ಹೋಯಿತು. ಮಾರನೇ ದಿನ ಬರೆಯಲು ಕೂತರೂ ತಲೆಯಲ್ಲಿ ಸಭೆಯೇ ಇರುತ್ತೆ. ಒಪ್ಪಿಕೊಳ್ಳುವುದಿದ್ದರೆ ಉತ್ತರ ಕರ್ನಾಟಕದ ಊರುಗಳನ್ನೆಲ್ಲ ಒಂದೇ ವಾರಕ್ಕೆ ಜೋಡಿಸು, ಆಮೇಲೆ ಎರಡು ತಿಂಗಳು ಎಲ್ಲಿಗೂ ಇಲ್ಲ ಅನ್ನು. ಬಿಡಿಬಿಡಿಯಾಗಿ ವಾರಕ್ಕೊಂದು ಒಪ್ಪಿಕೊಂಡರೆ ಇಡೀ ವರ್ಷ ಹೋಗುತ್ತೆ. ಕೊನೆಯ ನೂರು ಪುಟ ಬರೆಯುವಾಗ ಮಾತ್ರ ಮಂಡ್ಯಕ್ಕೂ ಹೋಗುವುದು ಬೇಡ, ನಾನು ಕರೆದರೂ ಮೈಸೂರಿಗೆ ಬರಬೇಡ.

ಪುಸ್ತಕದ ಮೂಟೆಯನ್ನು ನೀನೇ ಹೊತ್ತುಕೊಂಡು ಹೋಗುತ್ತೀಯ ಅಂತ ನಿಮ್ಮಮ್ಮ ಅಂದಳು. ಕಾದಂಬರಿಗಳ ಮಾಮೂಲಿ ಡೆಮಿ ಅಷ್ಟದಳ ಆಕಾರ, ನಾನೂರು ಪುಟ, ಚದರ ಮೀಟರಿಗೆ ಎಪ್ಪತ್ತು ಗ್ರಾಂ ತೂಗುವ ಕಾಗದ ಅಂದರೆ ರಕ್ಷಾಪುಟ ಸೇರಿ ಹತ್ತಿರ ಹತ್ತಿರ 450 ಗ್ರಾಂ. ನಲವತ್ತು ಪ್ರತಿಗೆ ಹದಿನೆಂಟು ಕೆಜಿ. ಅದನ್ನು ಪ್ರಕಾಶಕರು ಮೊದಲೇ ಪಾರ್ಸೆಲ್ ಮಾಡಲಿ. ಕನ್ನಡ ಸಾಹಿತ್ಯ ಸಮ್ಮೇಳನದಂಥ ಜಾತ್ರೆಯಲ್ಲೂ ಅಷ್ಟೇ. 2024ರ ಡಿಸೆಂಬರ್ 20ರಿಂದ 22ರವರೆಗೆ ಮಂಡ್ಯದಲ್ಲಿ ನಡೆದ 87ನೇ ಸಮ್ಮೇಳನದ ಥರದ ಕಡೆ ಜನ ಮಳಿಗೆಯಿಂದ ಮಳಿಗೆಗೆ ಪುಸ್ತಕ ನೋಡುತ್ತಾ ಬರುತ್ತಾರೆ, ಲೇಖಕಿ ಮೂರೂ ದಿನ ಅಲ್ಲಿ ನಿಂತಿರಬೇಕಿಲ್ಲ. ಮಧ್ಯಾಹ್ನ ಇಷ್ಟರಿಂದ ಇಷ್ಟು ಗಂಟೆಗೆ ಸಿಗುತ್ತಾರೆ ಅಂತ ಬೋರ್ಡು ಹಾಕಿಸು, ಸಾಕು.

ಹಸ್ತಾಕ್ಷರಕ್ಕೆ ಸಾಲು ನಿಂತಾಗ ಒಬ್ಬರಿಗೆ ಒಂದು ನಿಮಿಷ ಅಂದರೂ ಅರವತ್ತು ಜನಕ್ಕೆ ಒಂದು ಗಂಟೆ, ಫೋಟೋ ಸೇರಿದರೆ ಎರಡು. ಸಾಲಿನ ತುದಿಯಲ್ಲಿ ಒಬ್ಬರು ಚೀಟಿಯಲ್ಲಿ ಹೆಸರು ಬರೆಸಿ ಪುಸ್ತಕದೊಳಗೆ ಇಟ್ಟುಕೊಡಲಿ. “ನಿಮ್ಮ ಹೆಸರು ಹೇಗೆ ಬರೀತೀರಿ” ಅಂತ ಗದ್ದಲದಲ್ಲಿ ಕೇಳಿ ದೀರ್ಘ, ಒತ್ತು ತಪ್ಪಿದರೆ ಆ ಪ್ರತಿ ಕೆಟ್ಟಂತೆಯೇ. ಒಳಗಿನ ಶೀರ್ಷಿಕೆ ಪುಟದಲ್ಲೇ ಸಹಿ ಮಾಡು. ಮಿರುಗುವ ಆರ್ಟ್ ಪೇಪರಿನ ಮೇಲೆ ಜೆಲ್ ಪೆನ್ನಿನ ಶಾಯಿ ಒಣಗುವುದು ತಡ, ಪುಸ್ತಕ ಮುಚ್ಚಿದರೆ ಎದುರು ಪುಟಕ್ಕೆ ಹತ್ತುತ್ತೆ. ಓದಿ ತೋರಿಸುವ ಭಾಗ ಏಳೆಂಟು ನಿಮಿಷ ಮೀರದಿರಲಿ, ಅದರಲ್ಲಿ ಕಲ್ಪಿತ ಹೆಸರು ಎರಡಕ್ಕಿಂತ ಹೆಚ್ಚಿರಬಾರದು. ಕೇಳುವವರಿಗೆ ಹಿಂದಿನ ಪುಟ ತಿರುವಿ ನೋಡುವ ಅನುಕೂಲ ಇರುವುದಿಲ್ಲ.

ಹೆಸರು ಅಂದಮೇಲೆ ನೆನಪಾಯಿತು. ನಿನ್ನ “ವೋರ್ಥಾಲ್” ಅನ್ನುವ ಊರು ಮೊದಲ ಸಂಪುಟದಲ್ಲಿ ಮೂರು ಥರ ಅಚ್ಚಾಗಿದೆ, ವೋರ್ಥಾಲ್‌ಗೆ, ವೋರ್ಥಾಲಿಗೆ, ಒಂದು ಕಡೆ ವೋರ್ಥಾಲ್ಗೆ. ಹೆಸರು ಇಡುವ ಮೊದಲು ಅನ್ನು, ಇಂದ, ಗೆ, ಅಲ್ಲಿ ಎಲ್ಲ ಹಚ್ಚಿ ಗಟ್ಟಿಯಾಗಿ ಓದು. ಸ್ವರದಲ್ಲಿ ಮುಗಿಯುವ ಹೆಸರು ನಮ್ಮ ವಿಭಕ್ತಿಗೆ ಸಲೀಸಾಗಿ ಹೊಂದುತ್ತೆ, ಅರ್ಧಾಕ್ಷರದಲ್ಲಿ ನಿಲ್ಲುವುದು ಪ್ರತಿ ಸಲ ತಡವರಿಸುತ್ತೆ. ಯೂನಿಕೋಡಿನಲ್ಲಿ ಬರೆದದ್ದನ್ನು ಪುಟ ಕಟ್ಟುವವರು ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಮುಂದಿನ ಅಕ್ಷರ ಆ ಅರ್ಧಾಕ್ಷರಕ್ಕೆ ಒತ್ತಾಗಿ ಅಂಟಿಕೊಳ್ಳಬಹುದು. “ಮರಕ್ಕೆ” ಕೆಟ್ಟರೆ ಕರಡು ತಿದ್ದುವವರು ಸರಿಮಾಡುತ್ತಾರೆ, “ವೋರ್ಥಾಲ್” ಸರಿಯೋ ತಪ್ಪೋ ಅವರಿಗೆ ಹೇಗೆ ಗೊತ್ತಾಗಬೇಕು? ಹಸ್ತಪ್ರತಿ ಜೊತೆಗೆ ಎಲ್ಲ ಕಲ್ಪಿತ ಹೆಸರುಗಳ ಪಟ್ಟಿ ಮುದ್ರಿಸಿ ಕೊಡು, ಪ್ರತಿ ಹೆಸರಿಗೂ ಗೆ ಮತ್ತು ಅಲ್ಲಿ ಹಚ್ಚಿದ ರೂಪ ಬರೆದು.

ಓದುಗರಿಗೆ ಹೆದರದೆ ಇರಲು ಒಂದು ಕಡತ ಮಾಡಿಕೋ. ಯಾರ ವಯಸ್ಸೆಷ್ಟು, ಯಾವ ಕೈಗೆ ಗಾಯ, ಯಾವ ಊರಿಂದ ಯಾವ ಊರಿಗೆ ಎಷ್ಟು ದೂರ. ಹೊರೆ ಹೊತ್ತು ನಡೆಯುವವರು ದಿನಕ್ಕೆ ಇಪ್ಪತ್ತೈದು ಕಿಲೋಮೀಟರು ನಡೆದರೆ ಹೆಚ್ಚು, ಎತ್ತಿನ ಗಾಡಿಯೂ ಅದಕ್ಕಿಂತ ಬೇಗ ಹೋಗುವುದಿಲ್ಲ. ಕುದುರೆ ಬದಲಿಸದೆ ನಲವತ್ತೈವತ್ತು ಹೋದರೆ ಮಾರನೇ ದಿನವೂ ಅದು ಕೆಲಸಕ್ಕೆ ಬರುತ್ತೆ. ಚಂದ್ರನನ್ನೂ ಬರೆದಿಡು. ನಿನ್ನ ಮೊದಲ ಸಂಪುಟದ ಮುತ್ತಿಗೆಯಲ್ಲಿ ಬಿದಿಗೆಯ ಚಂದ್ರ ನಡುರಾತ್ರಿ ನೆತ್ತಿಯ ಮೇಲಿದ್ದಾನೆ. ಶುಕ್ಲಪಕ್ಷದ ಬಿದಿಗೆಯ ಚಂದ್ರ ಸೂರ್ಯ ಮುಳುಗಿ ಹೆಚ್ಚು ಹೊತ್ತಾಗುವ ಮೊದಲೇ ಪಡುವಣದಲ್ಲಿ ಮುಳುಗುತ್ತಾನೆ. ನಡುರಾತ್ರಿ ನೆತ್ತಿಗೆ ಬೇಕಿದ್ದರೆ ಹುಣ್ಣಿಮೆ ಹಾಕು. ಇದನ್ನು ಯಾರಾದರೂ ಸಭೆಯಲ್ಲಿ ಕೇಳಿದ್ದರೆ ಹೌದು, ಮುಂದಿನ ಮುದ್ರಣದಲ್ಲಿ ತಿದ್ದುತ್ತೇನೆ ಅನ್ನು, ಮುಗಿಯಿತು. ಓದುಗರ ದನಿಯಲ್ಲಿ ಎರಡು ಬಗೆ ಇದೆ ಅಂತ ನನಗೆ ಅನ್ನಿಸುತ್ತೆ. ಚಂದ್ರ ತಪ್ಪಿದ್ದಾನೆ ಅನ್ನುವ ದನಿಗೆ ಕಡತದಲ್ಲಿ ಜಾಗ ಇದೆ, ಬರೆದುಕೊಂಡರೆ ತಲೆಯಿಂದ ಇಳಿಯುತ್ತೆ. ಅಂಬಿಗ ಬದುಕಬೇಕಿತ್ತು ಅನ್ನುವ ದನಿಗೆ ಜಾಗ ಇಲ್ಲ. ಅದು ಅವರ ಪ್ರೀತಿ, ತೆಗೆದುಕೋ, ಆದರೆ ಅದನ್ನು ಹಸ್ತಪ್ರತಿ ಹತ್ತಿರ ತರಬೇಡ.

ಅಭಿಮಾನಿಗಳು ಮುಂದಿನ ಕತೆ ಹೀಗಿರಲಿ ಅಂತ ಬರೆದು ಕಳಿಸುವುದನ್ನು ಓದಲೇಬೇಡ. ನಾಳೆ ನಿನ್ನದೇ ಕತೆ ಅದಕ್ಕೆ ಹೋಲಿದರೆ ಅವರಿಗೂ ನೋವು, ನಿನಗೂ ರಗಳೆ. ಮರ್ಯಾದೆಯಾಗಿ ಎರಡು ಸಾಲು ಬರೆದು ತಿರುಗಿಸು. ಕಾಗದ, ಮೆಸೇಜು ನೋಡುವುದು ಶನಿವಾರ ಸಂಜೆ, ಬರೆದು ಮುಗಿದ ಮೇಲೆ. ಬೆಳಗ್ಗೆ ಫೋನು ಇನ್ನೊಂದು ಕೋಣೆಯಲ್ಲಿರಲಿ.

ಸ್ನೇಹಿತರ ವಿಷಯ ನಾನು ಹೇಳಬಾರದೇನೋ. ನಿನ್ನ ಗೆಳತಿಯ ಪುಸ್ತಕ ನಿನ್ನದಕ್ಕಿಂತ ಕಡಿಮೆ ಮಾರಾಟವಾಗಿ ಮಾತು ಕಡಿಮೆಯಾಯಿತು ಅಂದೆ. ಬೆನ್ನುಡಿ ಬರೆದುಕೊಟ್ಟು ಸರಿಮಾಡಲು ಹೋಗಬೇಡ, ಪುಸ್ತಕದ ಸುದ್ದಿ ಇಲ್ಲದೆ ಒಂದು ದಿನ ಅವಳ ಮನೆಗೆ ಹೋಗಿ ಊಟ ಮಾಡಿ ಬಾ. ಹಸ್ತಪ್ರತಿಯನ್ನು ಇಬ್ಬರಿಗಿಂತ ಹೆಚ್ಚು ಜನಕ್ಕೆ ಕೊಡಬೇಡ. “ಹೇಗಿದೆ” ಅಂತ ಕೇಳಬೇಡ, “ಎಲ್ಲಿ ಓದುವುದು ನಿಲ್ಲಿಸಿ ಎದ್ದು ಹೋದೆ” ಅಂತ ಕೇಳು. ಇಬ್ಬರೂ ಒಂದೇ ಜಾಗದಲ್ಲಿ ಎದ್ದಿದ್ದರೆ ತೊಂದರೆ ಸಾಮಾನ್ಯವಾಗಿ ಅದಕ್ಕೆ ಹತ್ತು ಪುಟ ಹಿಂದೆ ಇರುತ್ತೆ.

ಮತ್ತೆ ಅದೇ ಮಾತಿಗೆ ಬರುತ್ತೇನೆ. ದನಿ ಕೇಳಿಸುತ್ತಿಲ್ಲ ಅಂದೆ. ಎರಡನೇ ಸಂಪುಟ ಯಾವಾಗ ಅಂತ ಎಲ್ಲರೂ ಕೇಳುತ್ತಿದ್ದಾರೆ, ಅದೂ ಕಾರಣ. ಟೋಲ್ಕಿನ್‌ನ “ಲಾರ್ಡ್ ಆಫ್ ದಿ ರಿಂಗ್ಸ್” ಅನ್ನುವ ದೊಡ್ಡ ಕತೆಯ ಮೂರು ಸಂಪುಟ 1954, 55ರಲ್ಲಿ ಬೇರೆಬೇರೆಯಾಗಿ ಬಂದವು, ಆದರೆ ಮೊದಲನೆಯದು ಅಂಗಡಿಗೆ ಹೋಗುವ ಎಷ್ಟೋ ಮೊದಲೇ ಕತೆ ಕೊನೆಯವರೆಗೂ ಬರೆದಾಗಿತ್ತು. ನಿನಗೆ ಆ ಅನುಕೂಲ ಇಲ್ಲ, ಅದು ನನಗೆ ಗೊತ್ತು. ಇನ್ನು ಮೇಲಾದರೂ ಕೊನೆಯ ಅಧ್ಯಾಯದ ಮೊದಲ ಕರಡು ಮುಗಿಯುವವರೆಗೆ ಯಾರಿಗೂ ತಿಂಗಳು ಹೇಳಬೇಡ. “ಬರೀತಿದ್ದೀನಿ” ಅನ್ನು, ಅಷ್ಟೇ. ಕುಮಾರವ್ಯಾಸ ಬರೆದದ್ದು ಹತ್ತು ಪರ್ವ, ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಸಂಸ್ಕೃತದ ಬಾಣ ಅರ್ಧಕ್ಕೆ ಬಿಟ್ಟ “ಕಾದಂಬರಿ” ಅನ್ನುವ ಕೃತಿಯನ್ನು ಅವನ ಮಗ ಮುಗಿಸಿದ. ತಡವಾದರೆ ಆಕಾಶ ಬೀಳುವುದಿಲ್ಲ ಅಂತ ಇಷ್ಟು ಹೇಳಿದೆ, ನಿನ್ನ ಪುಸ್ತಕವನ್ನು ನೀನೇ ಮುಗಿಸಬೇಕು ಅಂತಲೇ ನನ್ನ ಆಸೆ.

ನಾಳೆ ಬೆಳಗ್ಗೆ ಅಧ್ಯಾಯ ಒಂದನ್ನು ಮುಟ್ಟಬೇಡ. ದೋಣಿ ನಡೆಸಲು ಬಾರದ ಆ ಹುಡುಗನನ್ನು ತೆಗೆದುಕೋ. ಮೊದಲ ಸಂಪುಟದಲ್ಲಿ ಅವನು ಇಲ್ಲವೇ ಇಲ್ಲ, ಅವನ ಬಗ್ಗೆ ಯಾವ ಓದುಗರೂ ನಿನಗೆ ಏನೂ ಹೇಳಿಲ್ಲ. ಹುಟ್ಟು ಹಿಡಿದು ಅವನ ಅಂಗೈಯಲ್ಲಿ ಎಲ್ಲಿ ಗುಳ್ಳೆ ಎದ್ದಿದೆ, ಅವನು ಯಾರನ್ನು ಬಯ್ಯುತ್ತಿದ್ದಾನೆ, ಅಲ್ಲಿಂದ ಮುನ್ನೂರು ಪದ ಬರಿ. ದೃಶ್ಯ ಮುಗಿಯುವ ಮುಂಚೆ, ಮುಂದಿನ ವಾಕ್ಯ ಗೊತ್ತಿರುವಾಗಲೇ ಪೆನ್ನು ಕೆಳಗಿಡು, ಮಾರನೇ ದಿನ ಶುರು ಮಾಡಲು ಸುಲಭ. ಬರೆದದ್ದನ್ನು ನನಗೆ ಕಳಿಸು. ಎಲ್ಲಿ ಓದು ನಿಲ್ಲಿಸಿದೆ ಅಂತ ಮಾತ್ರ ಹೇಳುತ್ತೇನೆ.

ಡಿಸೆಂಬರಿನ ಆ ಮೂರು ಆಹ್ವಾನಗಳಿಗೆ ಇನ್ನೂ ಉತ್ತರ ಬರೆದಿಲ್ಲ ಅಂದೆಯಲ್ಲ, ಈ ವಾರವೇ ಬರೆದುಬಿಡು, ಪಾಪ ಅವರೂ ಸಭಾಂಗಣ ಗೊತ್ತುಮಾಡಬೇಕು.

ಇಂತಿ ನಿನ್ನ
ದೊಡ್ಡಮ್ಮ