ಗಾಬಲ್ಡಿಗೂಕ್ ಮತ್ತು ನಿಮ್ಮೂರಿನ ಟ್ಯಾಂಕರ್

ತಂಗೀ,

ನಿನ್ನ ಲೇಖನ ಬಂತು. ಮೊದಲ ವಾಕ್ಯವನ್ನು ಮೂರು ಸಲ ಓದಿದೆ. ಚೆನ್ನಾಗಿದೆ ಅಂತಲ್ಲ, ಏನೂ ತಿಳಿಯಲಿಲ್ಲ ಅಂತ. "ಗ್ರಾಮೀಣ ಬದುಕಿನ ಬಹುಆಯಾಮಗಳ ಅನುಸಂಧಾನದ ಪ್ರಕ್ರಿಯೆಯಲ್ಲಿ ಜಲಲಭ್ಯತೆಯ ಪ್ರಶ್ನೆಯು ಮುನ್ನೆಲೆಗೆ ಬರುತ್ತದೆ." ಹೋದ ವಾರ ಫೋನಿನಲ್ಲಿ ನೀನು ಹೇಳಿದ್ದೇ ಬೇರೆ. ಬೋರ್‌ವೆಲ್ ಬತ್ತಿದೆ, ನಿಮ್ಮಮ್ಮ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಸಾಲಿನಲ್ಲಿ ಬಿಂದಿಗೆ ಇಟ್ಟು ಬರುತ್ತಾಳೆ, ಟ್ಯಾಂಕರ್ ಬರುವ ಹೊತ್ತಿಗೆ ಹತ್ತು ಗಂಟೆ. ಆ ಬಿಂದಿಗೆ ಲೇಖನದಲ್ಲಿ ಎಲ್ಲಿ ಹೋಯ್ತು?

ಇಂಥ ಬರಹಕ್ಕೆ ಇಂಗ್ಲಿಷಿನಲ್ಲಿ ಒಂದು ತಮಾಷೆಯ ಪದ ಇದೆ: ಗಾಬಲ್ಡಿಗೂಕ್. ಹುಟ್ಟಿಸಿದವನು ಟೆಕ್ಸಾಸ್‌ನ ರಾಜಕಾರಣಿ ಮೌರಿ ಮೇವರಿಕ್. 1944, ಎರಡನೇ ಮಹಾಯುದ್ಧದ ಕಾಲ. ಸಣ್ಣ ಕಾರ್ಖಾನೆಗಳಿಗೂ ಯುದ್ಧದ ಕೆಲಸ ಸಿಗಲಿ ಅಂತ ಅಮೆರಿಕ ಸರ್ಕಾರ ಮಾಡಿದ್ದ ಒಂದು ನಿಗಮಕ್ಕೆ ಅವನು ಮುಖ್ಯಸ್ಥ. ಕೆಳಗಿನವರು ಬರೆದು ಕಳಿಸುವ ಉದ್ದುದ್ದ ಕಡತ ಓದಿ ಓದಿ ಸಾಕಾಗಿ, ಒಂದು ದಿನ ಎಲ್ಲರಿಗೂ ಮೆಮೊ ಕಳಿಸಿದ. ಚಿಕ್ಕದಾಗಿ ಬರೆಯಿರಿ, ಏನು ಹೇಳಬೇಕೋ ಅದನ್ನು ಹೇಳಿ, 'ಆಕ್ಟಿವೇಶನ್', 'ಇಂಪ್ಲಿಮೆಂಟೇಶನ್' ಅಂತ ಬರೆದವರಿಗೆ ಗುಂಡೇಟು ಅಂದ! ಈ ಇಂಪ್ಲಿಮೆಂಟೇಶನ್‌ಗೇ ನಮ್ಮ ಕಚೇರಿಗಳಲ್ಲಿ ಅನುಷ್ಠಾನ ಅನ್ನೋದು. ನಮ್ಮಜ್ಜಿಗೆ ಅನುಷ್ಠಾನ ಅಂದರೆ ಸ್ವಾಮಿಗಳು ಕೂರುವುದು. ಈಗ ಚರಂಡಿ ಯೋಜನೆಯೂ ಅನುಷ್ಠಾನಕ್ಕೆ ಕೂತಿದೆ.

ಆ ಪದ ಎಲ್ಲಿಂದ ಬಂತು ಅಂತ ಕೇಳಿದಾಗ ಅವನು ನೆನೆಸಿಕೊಂಡದ್ದು ತನ್ನೂರಿನ ಟರ್ಕಿ ಕೋಳಿಯನ್ನು. ಎದೆ ಉಬ್ಬಿಸಿಕೊಂಡು 'ಗಾಬಲ್ ಗಾಬಲ್' ಅಂತ ಓಡಾಡುತ್ತದೆ, ಕೊನೆಯಲ್ಲಿ 'ಗೂಕ್' ಅನ್ನುತ್ತದೆ. ನಮ್ಮಲ್ಲಿ ಜಂಬದ ಕೋಳಿ ಅಂತೀವಲ್ಲ, ಅದೇ ಜಾತಿ. ಇನ್ನೊಂದು ವಿಷಯ. ಗುಂಪಿಗೆ ಸೇರದೆ ತನ್ನದೇ ದಾರಿ ಹಿಡಿದವರನ್ನು ಇಂಗ್ಲಿಷಿನಲ್ಲಿ 'ಮೇವರಿಕ್' ಅನ್ನುತ್ತಾರೆ. ಅದು ಇವನ ತಾತನ ಹೆಸರು. ತಾತ ತನ್ನ ದನಗಳಿಗೆ ಒಡೆಯನ ಗುರುತಿನ ಬರೆ ಹಾಕಿಸದೆ ಬಿಟ್ಟಿದ್ದ, ಹಾಗಾಗಿ ಗುರುತಿಲ್ಲದ ದನಕ್ಕೆಲ್ಲ ಅವನ ಹೆಸರೇ ಬಿತ್ತು. ಒಂದೇ ಮನೆಯಿಂದ ಎರಡು ಪದ, ನೋಡು.

ಹಾಗಂತ ಕಷ್ಟದ ಪದವೆಲ್ಲ ಗಾಬಲ್ಡಿಗೂಕ್ ಅಲ್ಲ. ಜಮೀನಿನ ಕಾಗದಪತ್ರದಲ್ಲಿ ಬರುವ ಪಹಣಿ, ಪೋಡಿ, ಖರಾಬು: ಪೇಟೆಯವನಿಗೆ ಇವು ಕಬ್ಬಿಣದ ಕಡಲೆ, ನಿಮ್ಮಪ್ಪನಿಗೆ ನೀರು ಕುಡಿದಷ್ಟು ಸಲೀಸು. ಅವುಗಳನ್ನು ಧಾರಾಳವಾಗಿ ಬಳಸು. ನನಗೆ ಸಿಟ್ಟು ಬರೋದು ಯಾರಿಗೂ ಏನೂ ಹೇಳದ ವಾಕ್ಯದ ಮೇಲೆ. ನಮ್ಮ ತಂದೆ ಖಾತೆ ಬದಲಾವಣೆಗೆ ಅರ್ಜಿ ಹಾಕಿದಾಗ ಒಂದು ಕಚೇರಿಯಿಂದ ಉತ್ತರ ಬಂತು: "ಸದರಿ ವಿಷಯವು ಪರಿಶೀಲನೆಯಲ್ಲಿದ್ದು, ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಅಪ್ಪ ಕನ್ನಡಕ ಒರೆಸಿ ಒರೆಸಿ ಓದಿದರು. ಆಮೇಲೆ ನನ್ನ ಕೈಗೆ ಕೊಟ್ಟು, "ಆಗುತ್ತೋ ಇಲ್ವೋ, ಅಷ್ಟು ಹೇಳಪ್ಪ" ಅಂದರು. ನಾನು ಎಂ.ಎ. ಓದಿದವನು, ಹೇಳಲಾಗಲಿಲ್ಲ.

ಆ 'ಲಾಗುವುದು' ನೋಡು. ಯಾರು ಕೈಗೊಳ್ಳುತ್ತಾರೆ? ಯಾವತ್ತು? ಮಾಡುವವನೇ ವಾಕ್ಯದಿಂದ ಎದ್ದು ಹೋಗಿದ್ದಾನೆ. ಮನೆಯಲ್ಲಿ ಯಾರಾದರೂ "ಅನ್ನ ಬಡಿಸಲಾಗುವುದು" ಅಂತಾರಾ? ಅಂದರೆ ಆವತ್ತು ಊಟ ಸಿಗಲ್ಲ ಅಂತಲೇ ಅರ್ಥ. ನಿನ್ನ ಲೇಖನದಲ್ಲಿ ಇಂಥ 'ಲಾಗಿದೆ', 'ಲಾಗುತ್ತದೆ' ಹನ್ನೊಂದು ಕಡೆ ಇವೆ. ಟ್ಯಾಂಕರ್ ಕಳಿಸದವರು ಯಾರು ಅಂತ ಒಂದು ಕಡೆಯೂ ಇಲ್ಲ. ಹೆದರಿಕೆಯಾ? ಹೌದಾದರೆ ಹಾಗಂತಲೇ ಬರೆ, ಅದೂ ಓದುವಂಥದ್ದೇ.

ನಾನೂ ನಿನ್ನ ವಯಸ್ಸಿನಲ್ಲಿ ಹೀಗೇ ಬರೆಯುತ್ತಿದ್ದೆ. ದೊಡ್ಡ ಪದ ಹಾಕಿದರೆ ದೊಡ್ಡವರು ಗೌರವ ಕೊಡುತ್ತಾರೆ ಅಂದುಕೊಂಡಿದ್ದೆ. ಕೊಟ್ಟರು ಕೂಡ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಓದಲಿಲ್ಲ, ಅಷ್ಟೇ.

ಲೇಖನ ವಾಪಸ್ ಕಳಿಸಿದ್ದೇನೆ. ಅಂಚಿನಲ್ಲಿ ಕೆಂಪು ಪೆನ್ನಿನಿಂದ 'ಗೂಕ್' ಅಂತ ಬರೆದ ಕಡೆಯೆಲ್ಲ, ಫೋನಿನಲ್ಲಿ ನನಗೆ ಹೇಳಿದ ಹಾಗೆ ಮತ್ತೆ ಬರೆದು ಕಳಿಸು. ಬಿಂದಿಗೆಯಿಂದ ಶುರು ಮಾಡು. ಅಂದ ಹಾಗೆ, ಈ ವಾರ ಟ್ಯಾಂಕರ್ ಬಂತಾ?

ನಿನ್ನ ಅಣ್ಣ